ಮಗಳಿಗಾಗಿ ಬರೆದು ನೊಬೆಲ್ ಗೆದ್ದ ಅಮ್ಮ: ಪರ್ಲ್ ಬಕ್ ಮೂವತ್ತು ವರ್ಷ ಬಚ್ಚಿಟ್ಟ ಕಥೆ

ವಾಶಿ, ಥಾಣೆ, ಡೊಂಬಿವಲಿ, ಕಲ್ಯಾಣ. ಊರು ಯಾವುದೇ ಇರಲಿ, ವಿಶೇಷ ಮಗುವಿರುವ ಮನೆಯಲ್ಲಿ ಒಂದು ದಪ್ಪ ಫೈಲ್ ಇದ್ದೇ ಇರುತ್ತದೆ. ವೈದ್ಯರ ಚೀಟಿಗಳು, ಥೆರಪಿಯ ರಸೀದಿಗಳು, ಅಂಗವಿಕಲರ ಪ್ರಮಾಣಪತ್ರ ಎಲ್ಲವೂ ಅದರೊಳಗೆ. ಬೌದ್ಧಿಕ ಅಸಾಮರ್ಥ್ಯ ಇರುವ ಮಗುವಾದರೆ ಆ ಫೈಲಿನಲ್ಲಿ ಇನ್ನೊಂದು ವರದಿಯೂ ಸಿಗುತ್ತದೆ. ಅದರ ಹೆಸರು ವೈನ್‌ಲ್ಯಾಂಡ್ ಸೋಶಿಯಲ್ ಮೆಚುರಿಟಿ ಸ್ಕೇಲ್. ಮಗು ತಾನೇ ಊಟ ಮಾಡುತ್ತದೆಯೇ, ಅಂಗಿಯ ಗುಂಡಿ ಹಾಕಿಕೊಳ್ಳುತ್ತದೆಯೇ, ಹೊರಗೆ ಒಬ್ಬನೇ ಹೋಗಿ ಬರುತ್ತದೆಯೇ ಎಂದು ಅಪ್ಪ ಅಮ್ಮನನ್ನೇ ಕೂರಿಸಿ ಕೇಳುವ ಪರೀಕ್ಷೆ ಅದು. ಭಾರತದಲ್ಲಿ ಬಳಸುವ ಅದರ ರೂಪದಲ್ಲಿ 89 ಅಂಶಗಳಿವೆ.

ವೈನ್‌ಲ್ಯಾಂಡ್ ಎನ್ನುವುದು ಆ ಪರೀಕ್ಷೆ ಕಂಡುಹಿಡಿದವರ ಹೆಸರಲ್ಲ, ಒಂದು ಊರಿನ ಹೆಸರು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆ ಊರಿನಲ್ಲಿ 1888ರಲ್ಲಿ ವಿಶೇಷ ಮಕ್ಕಳಿಗಾಗಿ ಒಂದು ಶಾಲೆ ಶುರುವಾಯಿತು. ಆ ಶಾಲೆಯ ಸಂಶೋಧನಾ ವಿಭಾಗದಲ್ಲಿದ್ದ ಎಡ್ಗರ್ ಡಾಲ್ 1935ರಲ್ಲಿ ಈ ಪರೀಕ್ಷೆಯನ್ನು ರೂಪಿಸಿದರು. ಅದಕ್ಕೂ ಆರು ವರ್ಷ ಮೊದಲು, 1929ರಲ್ಲಿ, ಚೀನಾದಿಂದ ಬಂದ ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗಳನ್ನು ಅದೇ ಶಾಲೆಯಲ್ಲಿ ಬಿಟ್ಟು ಹೋಗಿದ್ದರು. ಇನ್ನೂ ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಆ ತಾಯಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂತು.

ಅವರೇ 'ದಿ ಗುಡ್ ಅರ್ತ್' ಕಾದಂಬರಿಯ ಪರ್ಲ್ ಬಕ್. ಪ್ರಶಸ್ತಿಯ ಕಥೆ ಎಲ್ಲರಿಗೂ ಗೊತ್ತು. ಆ ಶಾಲೆಗೂ ಅವರಿಗೂ ಇದ್ದ ಸುಮಾರು 44 ವರ್ಷಗಳ ನಂಟಿನ ಕಥೆ ಅಷ್ಟಾಗಿ ಗೊತ್ತಿಲ್ಲ.

ಚೀನೀ ಭಾಷೆಯಲ್ಲಿ ತೊದಲಿದ ಅಮೆರಿಕನ್ ಹುಡುಗಿ

ಪರ್ಲ್ ಹುಟ್ಟಿದ್ದು 1892ರ ಜೂನ್ 26ರಂದು, ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಿಲ್ಸ್‌ಬರೋದಲ್ಲಿ. ತಂದೆ ತಾಯಿ ಇಬ್ಬರೂ ಚೀನಾದಲ್ಲಿದ್ದ ಕ್ರೈಸ್ತ ಮಿಷನರಿಗಳು. ರಜೆಗೆಂದು ಊರಿಗೆ ಬಂದಾಗ ಹುಟ್ಟಿದ ಈ ಮಗುವನ್ನು ಕೆಲವೇ ತಿಂಗಳ ಕೂಸಾಗಿದ್ದಾಗ ಚೀನಾಕ್ಕೆ ಕರೆದೊಯ್ದರು. ಝೆನ್‌ಜಿಯಾಂಗ್ ಎಂಬ ಊರಿನಲ್ಲಿ ಸಾಕಿದ ದಾದಿಯ ಬಾಯಿಂದ ಚೀನೀ ಭಾಷೆ ಕಲಿತರು. ಮನೆಯೊಳಗೆ ಇಂಗ್ಲಿಷ್, ಬೀದಿಗೆ ಇಳಿದರೆ ಚೀನೀ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲೇಜು ಓದಲು ಅಮೆರಿಕಕ್ಕೆ ಹೋದ ಪರ್ಲ್ 1914ರಲ್ಲಿ ಪದವಿ ಮುಗಿಸಿದರು. ತಾಯಿಗೆ ಕಾಯಿಲೆ ಎಂದು ತಿಳಿದು ಮತ್ತೆ ಚೀನಾಕ್ಕೆ ಮರಳಿದರು. 1917ರಲ್ಲಿ ಕೃಷಿ ಅರ್ಥಶಾಸ್ತ್ರಜ್ಞ ಜಾನ್ ಲಾಸಿಂಗ್ ಬಕ್ ಅವರೊಂದಿಗೆ ಮದುವೆಯಾಯಿತು. ಗಂಡನಿಗೆ ಉತ್ತರ ಅನ್ಹುಯಿಯ ಬಡ ಹಳ್ಳಿಗಳಲ್ಲಿ ಕೆಲಸ. ರೈತರ ಮನೆಗಳಲ್ಲಿ ಕೂತು, ಹೆಂಗಸರ ಸುಖದುಃಖ ಕೇಳಿ ಪರ್ಲ್ ಕಂಡುಕೊಂಡ ಲೋಕವೇ ಮುಂದೆ ಅವರ ಕಾದಂಬರಿಯಾಯಿತು.

1920ರ ಮಾರ್ಚ್‌ನಲ್ಲಿ ಮೊದಲ ಮಗಳು ಕ್ಯಾರಲ್ ಹುಟ್ಟಿದಳು. ನೋಡಿದವರೆಲ್ಲ ಮೆಚ್ಚುವಂಥ ಮುದ್ದಾದ ಕೂಸು. ಹೆರಿಗೆಯ ನಂತರ ಪರ್ಲ್ ಅವರ ಗರ್ಭಕೋಶದಲ್ಲಿ ಗಡ್ಡೆ ಇರುವುದು ಪತ್ತೆಯಾಯಿತು. ಅಮೆರಿಕಕ್ಕೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಇನ್ನು ಮಕ್ಕಳಾಗುವಂತಿರಲಿಲ್ಲ. ಇರುವ ಒಂದು ಮಗುವಿನ ಮೇಲೆಯೇ ಎಲ್ಲ ಆಸೆ ನಿಂತಿತು.

ಮಾತು ಬಾರದ ಮಗು, ಉತ್ತರ ಇಲ್ಲದ ವೈದ್ಯರು

ಮಗುವಿಗೆ ಮೈಮೇಲೆ ಇಸುಬು ಬರುತ್ತಿತ್ತು. ಆದರೆ ಯಾರೂ ಅದನ್ನು ದೊಡ್ಡ ಸಂಗತಿ ಎಂದುಕೊಳ್ಳಲಿಲ್ಲ. ಓರಗೆಯ ಮಕ್ಕಳು ಮಾತಾಡತೊಡಗಿದರು, ಕ್ಯಾರಲ್ ಮಾತಾಡಲಿಲ್ಲ. ನಿಧಾನಕ್ಕೆ ಬರುತ್ತದೆ ಬಿಡಿ, ಕೆಲವು ಮಕ್ಕಳು ಹಾಗೇ ಎಂದು ಗೆಳತಿಯರು ಸಮಾಧಾನ ಹೇಳಿದರು. ಈ ಮಾತನ್ನು ಕೇಳದ ವಿಶೇಷ ಮಗುವಿನ ತಾಯಿ ನಮ್ಮಲ್ಲಿಯೂ ಸಿಗಲಿಕ್ಕಿಲ್ಲ. ಮಗುವಿಗೆ ಮೂರು ದಾಟಿದಾಗ ಪರ್ಲ್ ಅವರಿಗೆ ಅನುಮಾನ ಬಲವಾಯಿತು.

ಮುಂದಿನದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಾಟ. ಚೀನಾದಲ್ಲಿದ್ದ ವೈದ್ಯರು, ಆಮೇಲೆ ಅಮೆರಿಕದ ವೈದ್ಯರು. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು. ಕೊನೆಗೆ ಹೆಸರಾಂತ ಮೇಯೋ ಕ್ಲಿನಿಕ್‌ಗೆ ಹೋದರು. ಅಲ್ಲಿ ಮುಖ್ಯ ವೈದ್ಯರು ಒಂದಿಷ್ಟು ಭರವಸೆಯ ಮಾತಾಡಿ ಕಳಿಸಿದರು. ಹೊರಬರುವಾಗ ಇನ್ನೊಬ್ಬ ವೈದ್ಯರು ಅವರನ್ನು ತಡೆದು ನಿಲ್ಲಿಸಿ, ಮಗು ಎಂದಿಗೂ ಎಲ್ಲರಂತಾಗುವುದಿಲ್ಲ, ಸುಮ್ಮನೆ ಆಸೆ ಇಟ್ಟುಕೊಂಡು ಅಲೆಯಬೇಡಿ, ಅವಳು ನೆಮ್ಮದಿಯಿಂದ ಬದುಕುವ ಜಾಗ ಹುಡುಕಿ ಎಂದು ನೇರವಾಗಿ ಹೇಳಿಬಿಟ್ಟರು. ಕೇಳಿದಾಗ ಎದೆ ಒಡೆದುಹೋಯಿತು. ಆದರೆ ಜೀವನವಿಡೀ ಪರ್ಲ್ ಕೃತಜ್ಞರಾಗಿದ್ದದ್ದು ಆ ಎರಡನೆಯ ವೈದ್ಯರಿಗೆ.

1925ರಲ್ಲಿ ಬಕ್ ದಂಪತಿ ಜಾನಿಸ್ ಎಂಬ ಹೆಣ್ಣುಮಗುವನ್ನು ದತ್ತು ತೆಗೆದುಕೊಂಡರು. ಇಬ್ಬರು ಮಕ್ಕಳೊಂದಿಗೆ ಮತ್ತೆ ಚೀನಾ ಸೇರಿದರು.

ಒಂದು ವಿಷಯವನ್ನು ಪರ್ಲ್ ಆಗ ಗಮನಿಸಿದರು. ಅವರ ಚೀನೀ ನೆರೆಹೊರೆಯವರು ಕ್ಯಾರಲ್‌ಳನ್ನು ಕಂಡು ಮುಖ ತಿರುಗಿಸಲಿಲ್ಲ. ಅಲ್ಲಿನ ದೊಡ್ಡ ಕುಟುಂಬಗಳಲ್ಲಿ ಕುರುಡರೂ ಕುಂಟರೂ ಬುದ್ಧಿ ಬೆಳೆಯದವರೂ ಎಲ್ಲರ ನಡುವೆಯೇ ಇರುತ್ತಿದ್ದರು, ಬಚ್ಚಿಡುವ ಪದ್ಧತಿ ಇರಲಿಲ್ಲ. ಹಣೆಬರಹ ಎಂದು ಒಪ್ಪಿಕೊಂಡು ಜೊತೆಗಿಟ್ಟುಕೊಳ್ಳುತ್ತಿದ್ದರು. ನಮ್ಮ ಹಳ್ಳಿಯ ಕೂಡುಕುಟುಂಬಗಳನ್ನು ನೋಡಿದವರಿಗೆ ಈ ಚಿತ್ರ ಹೊಸದಲ್ಲ. ಅವಮಾನ ಎದುರಾದದ್ದು ಪರ್ಲ್ ಅವರ ಸ್ವಂತ ಜನರಿಂದಲೇ. ಶಾಂಘೈನ ಬೀದಿಯಲ್ಲಿ ಎದುರಾದ ಇಬ್ಬರು ಅಮೆರಿಕನ್ ಯುವತಿಯರು ಮಗುವನ್ನು ನೋಡಿ ಆಡಿದ ಹಗುರ ಮಾತು ಅವರ ಕಿವಿಗೆ ಬಿತ್ತು. ಇನ್ನು ಇವಳನ್ನು ಇಂಥ ಕಣ್ಣುಗಳಿಂದ ಕಾಪಾಡಬೇಕು ಎಂಬ ನಿರ್ಧಾರ ಅಲ್ಲಿಂದ ಶುರುವಾಯಿತು.

ಬೆವರಿದ ಅಂಗೈ

ಎಲ್ಲ ತಂದೆ ತಾಯಿಯಂತೆ ಪರ್ಲ್ ಕೂಡ ಸುಲಭಕ್ಕೆ ಸೋಲೊಪ್ಪಲಿಲ್ಲ. ಕೆಲಸವನ್ನೆಲ್ಲ ಬದಿಗಿಟ್ಟು ಮಗಳಿಗೆ ತಾವೇ ಓದು ಬರಹ ಕಲಿಸಲು ಕೂತರು. ದಿನವೂ ಅಕ್ಷರ, ದಿನವೂ ತಿದ್ದುವುದು. ಸ್ವಲ್ಪ ಸ್ವಲ್ಪ ಬರುತ್ತಿದೆ ಎನಿಸುತ್ತಿತ್ತು.

ಒಂದು ದಿನ ಬರೆಸಲೆಂದು ಮಗುವಿನ ಕೈ ಹಿಡಿದುಕೊಂಡರು. ಆ ಪುಟ್ಟ ಅಂಗೈ ಬೆವರಿನಲ್ಲಿ ತೊಯ್ದುಹೋಗಿತ್ತು. ಇನ್ನೊಂದು ಕೈಯೂ ಹಾಗೆಯೇ. ಪರ್ಲ್ ಅವರಿಗೆ ಎಲ್ಲವೂ ಅರ್ಥವಾಯಿತು. ಕ್ಯಾರಲ್‌ಗೆ ಅಕ್ಷರವೇನೂ ತಿಳಿಯುತ್ತಿರಲಿಲ್ಲ. ಅಮ್ಮನಿಗೆ ಖುಷಿಯಾಗಲಿ ಎಂದು ಆ ಜೀವ ತನ್ನ ಶಕ್ತಿಯನ್ನೆಲ್ಲ ಹಾಕಿ ಒದ್ದಾಡುತ್ತಿತ್ತು. ಅಂದೇ ಪುಸ್ತಕ ಎತ್ತಿಟ್ಟರು.

ಮಗುವಿನಿಂದ ಏನು ಮಾಡಿಸಬಹುದು ಎಂದು ಯೋಚಿಸುತ್ತಿದ್ದ ತಾಯಿ ಮಗುವಿಗೆ ಏನು ಬೇಕು ಎಂದು ಯೋಚಿಸಲು ಶುರು ಮಾಡಿದ್ದು ಅಲ್ಲಿಂದಲೇ. ಇಂದಿನ ವಿಶೇಷ ಶಿಕ್ಷಕರು ಪಾಠವನ್ನು ಮಗುವಿನ ಶಕ್ತಿಗೆ ತಕ್ಕಂತೆ ಹೊಂದಿಸುತ್ತಾರೆ. ಪರ್ಲ್‌ಗೆ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಚೀನಾದ ಒಳಜಗಳ ಮನೆ ಬಾಗಿಲಿಗೇ ಬಂತು. 1927ರ ಮಾರ್ಚ್‌ನಲ್ಲಿ ನಾನ್‌ಜಿಂಗ್ ನಗರಕ್ಕೆ ಸೈನಿಕರು ನುಗ್ಗಿ ವಿದೇಶಿಯರ ಮೇಲೆ ದಾಳಿ ಮಾಡಿದರು. ಬಕ್ ಕುಟುಂಬವನ್ನು ಬಡ ಚೀನೀ ಹೆಂಗಸೊಬ್ಬಳು ತನ್ನ ಗುಡಿಸಲಿನಲ್ಲಿ ಅಡಗಿಸಿಟ್ಟು ಕಾಪಾಡಿದಳು. ಉಸಿರು ಬಿಗಿಹಿಡಿದು ಕುಳಿತಿರಬೇಕಾದ ಆ ಹೊತ್ತಿನಲ್ಲಿ, ಸುಮ್ಮನಿರು ಎಂದರೆ ತಿಳಿಯದ ಏಳು ವರ್ಷದ ಮಗಳು ಮಡಿಲಲ್ಲಿದ್ದಳು. ಕುಟುಂಬ ಜೀವ ಉಳಿಸಿಕೊಂಡು ಜಪಾನಿಗೆ ಹೋಯಿತು. ತಾನು ಸತ್ತರೆ ಈ ಮಗುವಿಗೆ ಯಾರು ದಿಕ್ಕು ಎಂಬ ಪ್ರಶ್ನೆ ಆ ಬಳಿಕ ಪರ್ಲ್ ಅವರನ್ನು ಬಿಡಲಿಲ್ಲ.

ಮಕ್ಕಳ ಮುಖ ನೋಡಿ ಆರಿಸಿದ ಶಾಲೆ

1929ರಲ್ಲಿ ಪರ್ಲ್ ಮಗಳನ್ನು ಕರೆದುಕೊಂಡು ಅಮೆರಿಕಕ್ಕೆ ಬಂದು ಒಂದೊಂದೇ ಶಾಲೆ ನೋಡುತ್ತ ಹೋದರು. ಕೆಲವು ಕಡೆ ಕಟ್ಟಡ ಚೆನ್ನಾಗಿತ್ತು, ಮಕ್ಕಳ ಕಣ್ಣಿನಲ್ಲಿ ಜೀವವಿರಲಿಲ್ಲ. ಒಂದು ಕಡೆ ಮಕ್ಕಳಿಗೆ ಗೋಣಿಯಂಥ ಒರಟು ಬಟ್ಟೆ ತೊಡಿಸಿ ಪ್ರಾಣಿಗಳಂತೆ ಇಟ್ಟಿದ್ದರು. ಪರ್ಲ್ ಕಟ್ಟಡ ನೋಡುವುದನ್ನು ಬಿಟ್ಟು ಮಕ್ಕಳನ್ನೂ ಅವರನ್ನು ನೋಡಿಕೊಳ್ಳುವವರ ನಡವಳಿಕೆಯನ್ನೂ ನೋಡತೊಡಗಿದರು. ಇಂದಿಗೂ ಶಾಲೆ ಹುಡುಕುವ ಪೋಷಕರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ವೈನ್‌ಲ್ಯಾಂಡ್ ಶಾಲೆಯಲ್ಲಿ ಮಕ್ಕಳು ಅಂಗಳದಲ್ಲಿ ಓಡಾಡಿಕೊಂಡಿದ್ದರು. ಮುಖ್ಯಸ್ಥ ಎಡ್ವರ್ಡ್ ಜಾನ್‌ಸ್ಟನ್ ಅವರನ್ನು ಕಂಡರೆ ಹತ್ತಿರ ಬಂದು ಕೈ ಹಿಡಿಯುತ್ತಿದ್ದರು. ಮಗು ಮೊದಲು ಸಂತೋಷವಾಗಿರಬೇಕು, ಕಲಿಕೆ ಅದರ ಹಿಂದೆ ತಾನಾಗಿ ಬರುತ್ತದೆ ಎನ್ನುವುದು ಆ ಶಾಲೆಯ ನಂಬಿಕೆ. ಪರ್ಲ್ ಅಲ್ಲಿಗೇ ನಿಂತರು.

ಮಗಳನ್ನು ಬಿಟ್ಟುಹೋಗುವುದು ಸುಲಭವಾಗಿರಲಿಲ್ಲ. ಒಂಬತ್ತು ವರ್ಷ ಬೆನ್ನಿಗೆ ಅಂಟಿಕೊಂಡಿದ್ದ ಮಗು. ಹಣದ ತೊಂದರೆಯೂ ಇತ್ತು. ಶಾಲೆಯ ಖರ್ಚು ಮಿಷನ್ ಕುಟುಂಬದ ಸಂಬಳಕ್ಕೆ ನಿಲುಕುವಂತಿರಲಿಲ್ಲ, ಸಾಲ ಮಾಡಬೇಕಾಯಿತು. ಮಗುವನ್ನು ವಸತಿ ಶಾಲೆಗೆ ಬಿಟ್ಟದ್ದು ಸರಿಯೇ ಎಂದು ಇಂದು ಕೇಳುವವರಿದ್ದಾರೆ. ಮನೆಯಲ್ಲಿಯೇ ಇಟ್ಟುಕೊಂಡು, ಹತ್ತಿರದ ಶಾಲೆಗೆ ಕಳಿಸಿ ಬೆಳೆಸಬೇಕು ಎನ್ನುವುದು ಈಗಿನ ತಿಳಿವಳಿಕೆ. ಆದರೆ 1929ರಲ್ಲಿ ಅಂಥ ಹತ್ತಿರದ ಶಾಲೆ, ಥೆರಪಿ, ಕಾನೂನು ಯಾವುದೂ ಇರಲಿಲ್ಲ. ಯುದ್ಧದ ನೆಲದಲ್ಲಿ ಮಗುವನ್ನಿಟ್ಟುಕೊಂಡಿದ್ದ ಒಬ್ಬ ತಾಯಿ ತನಗೆ ತೋಚಿದ ದಾರಿ ಹಿಡಿದಳು.

ಶಾಲೆಯ ಶುಲ್ಕದಿಂದ ಹುಟ್ಟಿದ ಕಾದಂಬರಿ

ಕ್ಯಾರಲ್ ಇಲ್ಲದ ನಾನ್‌ಜಿಂಗ್‌ನ ಮನೆಗೆ ಪರ್ಲ್ ಮರಳಿದರು. ಮೌನ ಸಹಿಸಲಾಗದೆ ಬರೆಯಲು ಕೂತರು. ಸುಮಾರು ಮೂರು ತಿಂಗಳಲ್ಲಿ ಒಂದು ಕಾದಂಬರಿ ಮುಗಿಯಿತು. ಬರೆಯುವ ಆಸೆ ಮೊದಲಿನಿಂದ ಇದ್ದದ್ದೇ. ಆದರೆ ಆ ಹೊತ್ತಿಗೆ ಅವಸರ ಹುಟ್ಟಿಸಿದ್ದು ಮಗಳ ಖರ್ಚು. ಒಂದು ವರ್ಷದ ಶುಲ್ಕ ಕಟ್ಟಿದರೆ ಸಾಲದು, ತಾನು ಸತ್ತ ಮೇಲೂ ಅವಳ ಜೀವಮಾನಕ್ಕೆ ಸಾಕಾಗುವಷ್ಟು ಹಣ ಬೇಕಿತ್ತು.

1931ರ ಮಾರ್ಚ್‌ನಲ್ಲಿ 'ದಿ ಗುಡ್ ಅರ್ತ್' ಬಂತು. ವಾಂಗ್ ಲುಂಗ್ ಎಂಬ ಚೀನೀ ರೈತ, ಅವನ ಹೆಂಡತಿ ಓಲಾನ್, ಬರಗಾಲ, ಭೂಮಿಯ ಮೇಲಿನ ಮೋಹ. ಮಳೆಗೆ ಕಾಯುವ ರೈತರಿರುವ ಯಾವ ದೇಶಕ್ಕೂ ಅದು ತನ್ನದೇ ಕಥೆ ಎನಿಸಿತು. ಅಮೆರಿಕದಲ್ಲಿ ಸತತ ಎರಡು ವರ್ಷ ಅತಿ ಹೆಚ್ಚು ಮಾರಾಟವಾದ ಕಾದಂಬರಿ ಅದು. 1932ರಲ್ಲಿ ಪುಲಿಟ್ಜರ್ ಬಂತು, 1937ರಲ್ಲಿ ಸಿನಿಮಾ ಆಯಿತು, 1938ರಲ್ಲಿ ನೊಬೆಲ್ ಬಂತು. ಸಾಹಿತ್ಯದ ನೊಬೆಲ್ ಪಡೆದ ಮೊದಲ ಅಮೆರಿಕನ್ ಮಹಿಳೆ ಪರ್ಲ್ ಬಕ್.

ಆ ಕಾದಂಬರಿಯಲ್ಲಿ ವಾಂಗ್ ಲುಂಗ್‌ನ ಹಿರಿಯ ಮಗಳಿಗೆ ಬುದ್ಧಿ ಬೆಳೆದಿಲ್ಲ, ಮಾತಿಲ್ಲ. ಹಸಿವಿನ ದಿನಗಳಲ್ಲೂ ಅಪ್ಪ ಅವಳನ್ನು ಬಿಟ್ಟುಕೊಡುವುದಿಲ್ಲ. ತಾನು ಸತ್ತ ಮೇಲೆ ಅವಳ ಗತಿ ಏನು ಎಂಬ ಚಿಂತೆ ಮುದುಕನನ್ನು ಕೊನೆಯವರೆಗೂ ಕಾಡುತ್ತದೆ. ಲಕ್ಷಾಂತರ ಓದುಗರು ಓದಿದರು. ಅದು ಲೇಖಕಿಯ ಮನೆಯ ಕಥೆ ಎಂದು ಅವರಿಗೆ ಗೊತ್ತಿರಲಿಲ್ಲ.

ಪುಸ್ತಕದ ಹಣದಲ್ಲಿ ಪರ್ಲ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಕ್ಯಾರಲ್‌ಳ ಜೀವಮಾನದ ಪಾಲನೆಗೆ ನಿಧಿ ಇಟ್ಟದ್ದು. ಶಾಲೆಯ ಆವರಣದಲ್ಲಿ ಒಂದು ಮನೆಯನ್ನೂ ಕಟ್ಟಿಸಿಕೊಟ್ಟರು. ಕ್ಯಾರಲ್ ಅಲ್ಲಿ ಬೇರೆ ಮಕ್ಕಳೊಂದಿಗೆ ವಾಸವಿದ್ದಳು. ಅಕ್ಷರ ಒಲಿಯದ ಆ ಹುಡುಗಿಗೆ ಸಂಗೀತ ಒಲಿದಿತ್ತು. ಗ್ರಾಮಫೋನ್ ತಟ್ಟೆಗಳಲ್ಲಿ ತನಗೆ ಬೇಕಾದದ್ದನ್ನು, ಅದರಲ್ಲೂ ಸಿಂಫನಿಗಳನ್ನು, ಹುಡುಕಿ ಕೇಳುತ್ತಿದ್ದಳು.

ಲೋಕಕ್ಕೆ ಗೊತ್ತಿರದ ಮಗಳು

ಪ್ರಸಿದ್ಧಿ ಬಂದಂತೆ ಗುಟ್ಟು ಭಾರವಾಯಿತು. ಪತ್ರಕರ್ತರು ಮನೆ ಮಕ್ಕಳ ಬಗ್ಗೆ ಕೇಳಿದಾಗ ಕ್ಯಾರಲ್‌ಳ ಹೆಸರು ಬರದಂತೆ ನೋಡಿಕೊಂಡರು. ಹತ್ತಿರದವರಿಗೂ ಈ ಬಗ್ಗೆ ಮಾತಾಡದಂತೆ ಹೇಳಿದ್ದರು.

ಆ ಕಾಲ ಹಾಗಿತ್ತು. ಬುದ್ಧಿ ಬೆಳೆಯದ ಮಗು ಹುಟ್ಟಿದರೆ ವಂಶದಲ್ಲೇ ದೋಷ ಎಂಬ ವಾದಕ್ಕೆ ವಿಜ್ಞಾನದ ವೇಷ ತೊಡಿಸಲಾಗಿತ್ತು. ಅದಕ್ಕೆ ಬಲ ಕೊಟ್ಟ ಪ್ರಸಿದ್ಧ ಪುಸ್ತಕವೊಂದು ಬಂದದ್ದು ವೈನ್‌ಲ್ಯಾಂಡ್ ಶಾಲೆಯಿಂದಲೇ. ಅಲ್ಲಿ ಸಂಶೋಧಕರಾಗಿದ್ದ ಹೆನ್ರಿ ಗೊಡಾರ್ಡ್ 1912ರಲ್ಲಿ ಬರೆದ 'ದಿ ಕ್ಯಾಲಿಕ್ಯಾಕ್ ಫ್ಯಾಮಿಲಿ' ಅದು. ಆ ಅಧ್ಯಯನ ತಪ್ಪು ಎಂದು ಆಮೇಲೆ ಬಯಲಾಯಿತು. ಆದರೆ ಅಷ್ಟರಲ್ಲಿ ಅಮೆರಿಕದ ಹಲವು ರಾಜ್ಯಗಳು ಇಂಥವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಕಾನೂನು ತಂದಿದ್ದವು. ಇಂಥ ಹೊತ್ತಿನಲ್ಲಿ ಯಾವ ತಾಯಿ ಬಾಯಿ ಬಿಟ್ಟಾಳು?

ಆದರೆ ಬಾಯಿ ಬಿಡದಿದ್ದರೂ ಪರ್ಲ್ ಶಾಲೆಯನ್ನು ಬಿಡಲಿಲ್ಲ. 1934ರಲ್ಲಿ ಅಮೆರಿಕಕ್ಕೆ ಬಂದು ನೆಲೆಸಲು ಮಗಳ ಹತ್ತಿರವಿರಬೇಕು ಎಂಬ ಆಸೆಯೂ ಒಂದು ಕಾರಣ. ಮರುವರ್ಷ ಮೊದಲ ಮದುವೆ ಮುರಿದು, ತಮ್ಮ ಪ್ರಕಾಶಕ ರಿಚರ್ಡ್ ವಾಲ್ಶ್ ಅವರನ್ನು ಮದುವೆಯಾದರು. ಪೆನ್ಸಿಲ್ವೇನಿಯಾದ ಗ್ರೀನ್ ಹಿಲ್ಸ್ ಫಾರ್ಮ್‌ನಲ್ಲಿ ಮನೆ ಮಾಡಿದರು. ಅಲ್ಲಿಂದ ವೈನ್‌ಲ್ಯಾಂಡ್‌ಗೆ ಹೋಗಿ ಬರುತ್ತಿದ್ದರು. ಶಾಲೆಯ ಟ್ರಸ್ಟಿಗಳ ಮಂಡಳಿ ಸೇರಿದರು, ಶಾಲೆಗಾಗಿ ಹಣ ಎತ್ತಿದರು. ಹಾಗೆಂದು ಅವರನ್ನು ಬರೀ ದಾನಿ ಎನ್ನುವಂತಿಲ್ಲ. ಶಾಲೆಯ ಒಳಹೊರಗು ಬಲ್ಲ ತಾಯಿಯಾಗಿ, ಅಲ್ಲಿನ ಕೆಲಸದಲ್ಲಿ ಕೈಜೋಡಿಸಿದರು.

ಕೊನೆಗೂ ಬಾಯಿ ಬಿಟ್ಟರು

1950ರ ಮೇ ತಿಂಗಳಲ್ಲಿ 'ಲೇಡೀಸ್ ಹೋಮ್ ಜರ್ನಲ್' ಎಂಬ ಜನಪ್ರಿಯ ಪತ್ರಿಕೆಯಲ್ಲಿ ಪರ್ಲ್ ಬಕ್ ಅವರ ದೀರ್ಘ ಲೇಖನ ಬಂತು. ಅದೇ ವರ್ಷ 'ದಿ ಚೈಲ್ಡ್ ಹೂ ನೆವರ್ ಗ್ರ್ಯೂ' ಎಂಬ ಸಣ್ಣ ಪುಸ್ತಕವೂ ಆಯಿತು. ಮೂವತ್ತು ವರ್ಷ ಒಳಗೆ ಇಟ್ಟುಕೊಂಡದ್ದನ್ನೆಲ್ಲ ಅದರಲ್ಲಿ ಹೇಳಿದ್ದರು. ವೈದ್ಯರ ಅಲೆದಾಟ, ಬೀದಿಯ ಅವಮಾನ, ಬೆವರಿದ ಅಂಗೈ, ಶಾಲೆ ಬಿಟ್ಟು ಬಂದ ದಿನದ ನೋವು. ಪುಸ್ತಕದ ಆದಾಯ ವೈನ್‌ಲ್ಯಾಂಡ್ ಶಾಲೆಗೆ ಹೋಯಿತು.

ನೊಬೆಲ್ ಪಡೆದ ಹೆಂಗಸಿಗೂ ಇಂಥ ಮಗು ಇದೆ ಎಂದು ತಿಳಿದದ್ದೇ ಸಾವಿರಾರು ಮನೆಗಳಲ್ಲಿ ಮುಚ್ಚಿದ ಬಾಗಿಲು ತೆರೆಯಿತು. ಪರ್ಲ್ ಅವರಿಗೆ ಪೋಷಕರ ಪತ್ರಗಳು ರಾಶಿ ರಾಶಿ ಬಂದವು. ಅದೇ 1950ರ ಕೊನೆಯ ಭಾಗದಲ್ಲಿ ಅಮೆರಿಕದ ಬೇರೆ ಬೇರೆ ಊರುಗಳ ಪೋಷಕರು ಮಿನಿಯಾಪೊಲಿಸ್‌ನಲ್ಲಿ ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿಕೊಂಡರು. ಅಮೆರಿಕದ ಕಾನೂನುಗಳನ್ನು ಮುಂದೆ ಬದಲಿಸಿದ್ದರಲ್ಲಿ ಆ ಪೋಷಕರ ಪಾಲು ದೊಡ್ಡದು.

1962ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಜಾನ್ ಕೆನಡಿ ಶ್ವೇತಭವನದಲ್ಲಿ ನೊಬೆಲ್ ವಿಜೇತರಿಗೆ ಔತಣ ಕೊಟ್ಟರು. ಪರ್ಲ್ ಕೂಡ ಅತಿಥಿ. ಕೆನಡಿ ಅವರ ತಂಗಿ ರೋಸ್‌ಮೇರಿಯದೂ ಇದೇ ಕಥೆ, ಆ ಕುಟುಂಬವೂ ದಶಕಗಳ ಕಾಲ ಅದನ್ನು ಬಚ್ಚಿಟ್ಟಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇನ್ನೊಬ್ಬ ಸೋದರಿ ಯೂನಿಸ್ ಶ್ರೈವರ್ ಪತ್ರಿಕೆಯಲ್ಲಿ ಅದನ್ನು ಬಹಿರಂಗವಾಗಿ ಬರೆದರು. ಆರು ವರ್ಷಗಳ ನಂತರ ಸ್ಪೆಷಲ್ ಒಲಿಂಪಿಕ್ಸ್ ಶುರು ಮಾಡಿದವರೂ ಅವರೇ.

ಕ್ಯಾರಲ್‌ಗೆ ಆಗಿದ್ದೇನು?

ಕ್ಯಾರಲ್‌ಳ ಕಾಯಿಲೆಗೆ ಹೆಸರು ಸಿಕ್ಕಿದ್ದು ಬಹಳ ತಡವಾಗಿ, 1960ರ ದಶಕದಲ್ಲಿ. ಅದು ಪಿಕೆಯು, ಅಂದರೆ ಫಿನೈಲ್‌ಕೀಟೋನ್ಯೂರಿಯಾ. ಆಹಾರದ ಪ್ರೋಟೀನ್‌ನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶವನ್ನು ಒಡೆಯಲು ಇಂಥ ಮಕ್ಕಳ ದೇಹಕ್ಕೆ ಆಗುವುದಿಲ್ಲ. ಅದು ರಕ್ತದಲ್ಲಿ ತುಂಬಿಕೊಂಡು ಮಿದುಳನ್ನು ಹಾಳು ಮಾಡುತ್ತದೆ. ಹುಟ್ಟಿದಾಗ ಮಗು ಎಲ್ಲರಂತೆಯೇ ಕಾಣುತ್ತದೆ. ಮೈಮೇಲಿನ ಇಸುಬು, ಮೂತ್ರದ ಮುಗ್ಗಲು ವಾಸನೆ ಇದರ ಗುರುತುಗಳು. ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿರುವ ಒಂದೊಂದು ದೋಷದ ಜೀನ್ ಸೇರಿದರೆ ಮಾತ್ರ ಈ ಕಾಯಿಲೆ ಬರುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ.

ಇದನ್ನು ಪತ್ತೆ ಮಾಡಿದ ಕಥೆಯಲ್ಲಿಯೂ ಪೋಷಕರೇ ಮುಂದೆ ನಿಲ್ಲುತ್ತಾರೆ. ನಾರ್ವೆಯ ಬೋರ್ಗ್‌ನಿ ಎಗೆಲಾಂಡ್ ಎಂಬ ತಾಯಿಗೆ ಇಬ್ಬರು ಮಕ್ಕಳು, ಇಬ್ಬರಿಗೂ ಬುದ್ಧಿ ಬೆಳೆದಿರಲಿಲ್ಲ. ಮಕ್ಕಳ ಮೈಯಿಂದ ಬರುವ ವಿಚಿತ್ರ ವಾಸನೆಗೂ ಕಾಯಿಲೆಗೂ ಸಂಬಂಧ ಇದೆ ಎಂದು ಅವರು ಕಂಡ ವೈದ್ಯರಿಗೆಲ್ಲ ಹೇಳುತ್ತಲೇ ಬಂದರು. ಕೊನೆಗೆ ಅವರ ಮಾತಿಗೆ ಕಿವಿಗೊಟ್ಟ ಅಸ್‌ಬ್ಯೋರ್ನ್ ಫೋಲಿಂಗ್ 1934ರಲ್ಲಿ ಮೂತ್ರ ಪರೀಕ್ಷಿಸಿ ಕಾರಣ ಕಂಡುಹಿಡಿದರು. 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕೆಲ್ ತಂಡ ಇದಕ್ಕೆ ವಿಶೇಷ ಪಥ್ಯ ರೂಪಿಸಿತು. ಪಥ್ಯ ಹುಟ್ಟಿದ ಕೆಲವೇ ದಿನಗಳಲ್ಲಿ ಶುರುವಾದರೆ ಮಗು ಎಲ್ಲರಂತೆ ಬೆಳೆಯಬಲ್ಲದು.

ಹಾಗಾದರೆ ಅಷ್ಟು ಬೇಗ ಪತ್ತೆ ಹಚ್ಚುವುದು ಹೇಗೆ? ಅಮೆರಿಕದ ಬಫಲೋ ನಗರದ ವಿಜ್ಞಾನಿ ರಾಬರ್ಟ್ ಗಥ್ರಿ ಅವರ ಮಗನಿಗೂ ಬೌದ್ಧಿಕ ಅಸಾಮರ್ಥ್ಯವಿತ್ತು. ಆ ಕಾರಣಕ್ಕೇ ಅವರು ಊರಿನ ಪೋಷಕರ ಸಂಘದಲ್ಲಿ ಸ್ವಯಂಸೇವೆ ಮಾಡುತ್ತಿದ್ದರು. ಆ ಒಡನಾಟದಿಂದ ಪಿಕೆಯು ವಿಷಯ ಅವರ ತಲೆ ಹೊಕ್ಕಿತು. 1960ರ ದಶಕದ ಆರಂಭದಲ್ಲಿ, ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ಮಾಡುವ ಅಗ್ಗದ ಪರೀಕ್ಷೆಯನ್ನು ಅವರು ಕೊಟ್ಟರು. ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಹುಟ್ಟುವ ಮಕ್ಕಳಿಗೆಲ್ಲ ಇಂಥ ಪರೀಕ್ಷೆ ನಡೆಯುತ್ತದೆ.

ಭಾರತದಲ್ಲಿ ಈ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟದ್ದರಲ್ಲಿ ನಮ್ಮ ಕರ್ನಾಟಕವೇ ಮುಂದು. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ರಾಜ್ಯದ ಸುಮಾರು ಒಂದು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿ ಇಂಥ ಕಾಯಿಲೆಗಳನ್ನು ಹುಡುಕಿದರು. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲಿ ಮದುವೆಯಾಗುವ ರೂಢಿ ಇರುವ ನಾಡಿಗೆ ಅದು ಮುಖ್ಯವಾದ ಕೆಲಸ. ಪಿಕೆಯು ನಮ್ಮಲ್ಲಿ ಅಪರೂಪ. ಆದರೆ ಇದೇ ರೀತಿ ಹಿಮ್ಮಡಿಯ ರಕ್ತ ತೆಗೆದು ಥೈರಾಯ್ಡ್ ಕೊರತೆಯಂಥ, ಸಮಯಕ್ಕೆ ಮಾತ್ರೆ ಕೊಟ್ಟರೆ ಮಗುವಿನ ಬುದ್ಧಿ ಉಳಿಯುವ ತೊಂದರೆಗಳೂ ಪತ್ತೆಯಾಗುತ್ತವೆ. ದೇಶದ ಎಲ್ಲ ಆಸ್ಪತ್ರೆಗಳಲ್ಲಿ ಇದು ಇನ್ನೂ ಕಡ್ಡಾಯವಲ್ಲ. ಹೆರಿಗೆಗೆ ಹೋದಾಗ ನವಜಾತ ಶಿಶುವಿನ ಸ್ಕ್ರೀನಿಂಗ್ ಇದೆಯೇ ಎಂದು ನೀವೇ ಕೇಳಬೇಕು.

ಭಾರತದ ಜೊತೆಗಿನ ನಂಟು

ಪರ್ಲ್ ಬಕ್ ನಮಗೆ ದೂರದವರೇನಲ್ಲ. ಭಾರತದ ಸ್ವಾತಂತ್ರ್ಯದ ಪರವಾಗಿ ಅಮೆರಿಕದಲ್ಲಿ ದನಿ ಎತ್ತಿದವರಲ್ಲಿ ಅವರೂ ಒಬ್ಬರು. ಅವರ ಪತಿಯ ಜಾನ್ ಡೇ ಪ್ರಕಾಶನವೇ ನೆಹರೂ ಅವರ ಪುಸ್ತಕಗಳನ್ನು ಅಮೆರಿಕದ ಓದುಗರಿಗೆ ತಲುಪಿಸಿತು. ಮೈಸೂರಿನ ಆರ್.ಕೆ. ನಾರಾಯಣ್ ಅವರ 'ದಿ ಗೈಡ್' ಕಾದಂಬರಿ ದೇವಾನಂದ್ ಸಿನಿಮಾ ಆದಾಗ ಅದರ ಇಂಗ್ಲಿಷ್ ಆವೃತ್ತಿಯ ಚಿತ್ರಕಥೆಯಲ್ಲಿ ಪರ್ಲ್ ಅವರ ಕೈಯಿತ್ತು.

1949ರಲ್ಲಿ ಅವರು ಶುರು ಮಾಡಿದ ವೆಲ್‌ಕಮ್ ಹೌಸ್ ಎಂಬ ದತ್ತು ಸಂಸ್ಥೆಯ ಹಿಂದೆಯೂ ಭಾರತದ ಎಳೆಯಿದೆ. ಭಾರತೀಯ ಮತ್ತು ಅಮೆರಿಕನ್ ರಕ್ತದ ಒಂದು ಮಗುವನ್ನು ಮೈಬಣ್ಣದ ಕಾರಣಕ್ಕೆ ಯಾವ ಸಂಸ್ಥೆಯೂ ತೆಗೆದುಕೊಳ್ಳಲಿಲ್ಲ. ಪರ್ಲ್ ತಾವೇ ತಂದಿಟ್ಟುಕೊಂಡರು. ಯಾರಿಗೂ ಬೇಡವಾದ ಮಕ್ಕಳಿಗಾಗಿ ಒಂದು ಸಂಸ್ಥೆಯೇ ಹಾಗೆ ಹುಟ್ಟಿತು.

ಪರ್ಲ್ ತಮ್ಮ ಗುಟ್ಟನ್ನು ಇನ್ನೂ ಎದೆಯಲ್ಲಿಟ್ಟುಕೊಂಡಿದ್ದ ದಿನಗಳಲ್ಲೇ, 1944ರಲ್ಲಿ, ಮುಂಬಯಿಯ ವಕೀಲ್ ಎಂಬ ಪಾರ್ಸಿ ದಂಪತಿ ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳಿಗಾಗಿ ಮನೆಯಲ್ಲಿಯೇ ಪಾಠ ಶುರು ಮಾಡಿದರು. ಅದೇ ಇಂದು ಶಿವಡಿಯಲ್ಲಿರುವ ಜೈ ವಕೀಲ್ ಸಂಸ್ಥೆ. ನವಿ ಮುಂಬಯಿಯಲ್ಲಿ ಈಗ ಇಂಥ ಮಕ್ಕಳಿಗೆಂದೇ ಮಹಾನಗರ ಪಾಲಿಕೆ ವಾಶಿಯಲ್ಲಿ ಇಟಿಸಿ ಕೇಂದ್ರ ನಡೆಸುತ್ತಿದೆ. ಮಗುವನ್ನು ಮೈಲುಗಟ್ಟಲೆ ದೂರದ ವಸತಿ ಶಾಲೆಗೆ ಬಿಡಬೇಕಾದ ಸ್ಥಿತಿ ಇಲ್ಲಿಯ ಪೋಷಕರಿಗೆ ಇಲ್ಲ. ಲೋಕಲ್ ಹಿಡಿದು ಹೋಗಿ ಸಂಜೆಗೆ ಮನೆಗೆ ಬರಬಹುದು.

ಬೆಳಗ್ಗೆ ಮಗುವನ್ನು ಬಿಟ್ಟು ಗೇಟಿನ ಹೊರಗೆ ಕಾಯುವ ಅಮ್ಮಂದಿರು ಇಂಥ ಎಲ್ಲ ಶಾಲೆಗಳ ಮುಂದೆಯೂ ಸಿಗುತ್ತಾರೆ. ಅವರಲ್ಲಿ ಕೆಲವರು ಒಳಗೆ ಹೋಗಿ ಊಟ ಮಾಡಿಸಲು, ಹಾಡು ಹೇಳಲು, ಹೊಸದಾಗಿ ಬಂದ ಪೋಷಕರಿಗೆ ಧೈರ್ಯ ಹೇಳಲು ನೆರವಾದರೆ ಶಾಲೆಗೆ ಸಿಗುವ ಲಾಭ ಬರಿಯ ಎರಡು ಕೈಗಳದ್ದಲ್ಲ. ಯಾವ ಮಗುವಿಗೆ ಯಾವಾಗ ಅಂಗೈ ಬೆವರುತ್ತದೆ ಎಂದು ಬೇಗ ತಿಳಿಯುವುದು ಅದನ್ನು ಒಮ್ಮೆ ಮುಟ್ಟಿ ನೋಡಿದವರಿಗೇ. ಎಗೆಲಾಂಡ್ ಕೊಟ್ಟದ್ದೂ ಅಂಥ ತಿಳಿವಳಿಕೆಯನ್ನೇ. ವೈನ್‌ಲ್ಯಾಂಡ್ ಪರೀಕ್ಷೆಯಲ್ಲಿ ಉತ್ತರ ಹೇಳಬೇಕಾದದ್ದು ಪೋಷಕರು ಎನ್ನುವುದು ಸುಮ್ಮನೆ ಅಲ್ಲ.

ತಾಯಿಯ ನಂತರದ ಹತ್ತೊಂಬತ್ತು ವರ್ಷ

ಪರ್ಲ್ ಬಕ್ 1973ರ ಮಾರ್ಚ್ 6ರಂದು ವರ್ಮಾಂಟ್ ರಾಜ್ಯದ ಡ್ಯಾನ್ಬಿಯಲ್ಲಿ ತೀರಿಕೊಂಡರು. ಆಗ ಅವರಿಗೆ 80 ವರ್ಷ. ಗ್ರೀನ್ ಹಿಲ್ಸ್ ಫಾರ್ಮ್‌ನಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಇಂಗ್ಲಿಷ್ ಅಕ್ಷರವಿಲ್ಲ, ಚೀನೀ ಲಿಪಿಯಲ್ಲಿ ಹೆಸರಿದೆ.

ಅವರು ಹೋದಾಗ ಕ್ಯಾರಲ್‌ಗೆ 53 ವರ್ಷ. ವೈನ್‌ಲ್ಯಾಂಡ್‌ನಲ್ಲಿ ಅವಳ ದಿನಚರಿ ನಿಲ್ಲಲಿಲ್ಲ. ನಾಲ್ಕು ದಶಕಗಳ ಹಿಂದೆ ಅಮ್ಮ ಇಟ್ಟ ಹಣ ಅವಳನ್ನು ಕಾಯುತ್ತಿತ್ತು. 1992ರಲ್ಲಿ, ತನ್ನ 72ನೇ ವಯಸ್ಸಿನಲ್ಲಿ, ಕ್ಯಾರಲ್ ಅಲ್ಲಿಯೇ ಕಣ್ಣು ಮುಚ್ಚಿದಳು. ಅಮ್ಮ ಹೋದ ಮೇಲೆ ಹತ್ತೊಂಬತ್ತು ವರ್ಷ ಬದುಕಿದ್ದಳು.

ನಮ್ಮ ನಂತರ ಮಗುವಿಗೆ ಯಾರು ಎಂಬ ಪ್ರಶ್ನೆಗೆ ಪರ್ಲ್ ಕಂಡುಕೊಂಡ ಉತ್ತರ ಒಂದು ಕಾದಂಬರಿ. ಎಲ್ಲರಿಗೂ ಅದು ಸಾಧ್ಯವಿಲ್ಲ. ನಮ್ಮ ದೇಶದಲ್ಲಿ ಅದಕ್ಕೆಂದೇ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹು ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ನೇಮಿಸಿಕೊಳ್ಳಬಹುದು. ಇದೇ ಕಾಯ್ದೆಯಡಿ ನಿರಾಮಯ ಎಂಬ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ನಿಮ್ಮ ಮನೆಯ ಫೈಲಿನಲ್ಲಿ ಪ್ರಮಾಣಪತ್ರ ಇದ್ದು ಈ ಅರ್ಜಿಗಳು ಇನ್ನೂ ಇಲ್ಲವಾದರೆ, ಮುಂದಿನ ಬಾರಿ ಶಾಲೆಗೆ ಹೋದಾಗ ಅಲ್ಲಿಯೇ ವಿಚಾರಿಸಿ. ಅರ್ಜಿ ತುಂಬಿ ಗೊತ್ತಿರುವ ಒಬ್ಬ ಅಮ್ಮನೋ ಅಪ್ಪನೋ ಆ ಗೇಟಿನ ಬಳಿಯೇ ಸಿಗಬಹುದು.